ನೀರಡಿಕೆನೇ ಆಗದವರು ದಿನಾ ಸಾಕಷ್ಟು ನೀರು ಕುಡಿಯೋದು ಹೇಗೆ: ದಾವಣಗೆರೆ ಬಿಸಿಲಲ್ಲಿ ನಾವು ಮಾಡ್ಕೊಂಡ ಕ್ರಮ

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದಿನ ಬೆಳಿಗ್ಗೆ ಅವ್ವ ಹಿತ್ತಲಲ್ಲಿ ಬಟ್ಟೆ ಒಣಗಾಕ್ತಾ ಇದ್ದೋಳು ಹಂಗೇ ಗೋಡೆ ಹಿಡ್ಕೊಂಡು ಕೂತ್ಬಿಟ್ಲು. ಓಡಿ ಹೋಗಿ ನೋಡಿದ್ರೆ ಮುಖದ ಮೇಲೆ ಒಂದು ಹನಿ ಬೆವರಿಲ್ಲ, ಮಾತಾಡೋಕೆ ಬಾಯಿ ತೆಗೆದ್ರೆ ನಾಲಿಗೆ ಅಂಗುಳಕ್ಕೆ ಅಂಟ್ಕೊಂಡು ಬಿಟ್ಟಾಗ ಚಟ್ ಅಂತ ಸದ್ದು ಬರ್ತಿತ್ತು. "ಏನಿಲ್ಲ ಬಿಡವ್ವ, ತಲೆ ಗಿರ್ ಅಂತು ಅಷ್ಟೇ" ಅಂದ್ಲು. ಡಾಕ್ಟರ್ ಹತ್ರ ಕರ್ಕೊಂಡು ಹೋದ್ವಿ, ಕೂರಿಸಿ ಒಂದ್ಸಲ ಬಿಪಿ ನೋಡಿದ್ರು, ನಿಲ್ಲಿಸಿ ಇನ್ನೊಂದ್ಸಲ ನೋಡಿದ್ರು, ನಿಂತಾಗ ಸಿಕ್ಕಾಪಟ್ಟೆ ಇಳಿದಿತ್ತು. ಆಮೇಲೆ ನಾಲಿಗೆ ನೋಡಿ, ನಿನ್ನೆಯಿಂದ ಎಷ್ಟು ನೀರು ಕುಡಿದ್ರಿ ಅಂತ ಕೇಳಿದ್ರು. "ನೀರಡಿಕೆ ಆದಾಗ ಕುಡಿತೀನಿ ಸಾರ್" ಅಂದ್ಲು ಅವ್ವ. ಅವಳು ಸುಳ್ಳು ಹೇಳ್ಲಿಲ್ಲ, ಅವಳಿಗೆ ನೀರಡಿಕೆ ಆಗಿದ್ದೇ ಇಲ್ಲ, ಅದೇ ತೊಂದರೆ.

ಅವತ್ತಿಂದ ಇಲ್ಲಿವರೆಗೆ ಮನೇಲಿ ಏನೇನು ಮಾಡಿದ್ವಿ, ಯಾವುದು ನಡೀತು ಯಾವುದು ನಡೀಲಿಲ್ಲ ಅಂತ ಪೂರ್ತಿ ಬರೀತಿದೀನಿ. ಮನೇಲಿ ವಯಸ್ಸಾದವರು ಇರೋರು, ಬೆಳಿಗ್ಗೆ ಹೋಗಿ ಸಂಜೆ ಬರೋ ಹೆಣ್ಣುಮಕ್ಕಳು, ಎಸಿ ರೂಮಲ್ಲಿ ಕೂತು ಕೆಲಸ ಮಾಡೋರು ದಯವಿಟ್ಟು ಓದ್ರಿ.

ನೀರಡಿಕೆ ಯಾಕೆ ಬರಲ್ಲ

ನಮ್ಮ ಮಿದುಳಲ್ಲಿ ಹೈಪೋಥಾಲಮಸ್ ಅಂತ ಒಂದು ಚಿಕ್ಕ ಭಾಗ ಇದೆ, ರಕ್ತ ಎಷ್ಟು ಗಟ್ಟಿ ಆಗಿದೆ ಅಂತ ಅದು ಸದಾ ನೋಡ್ತಾ ಇರುತ್ತೆ. ಆ ಗಟ್ಟಿತನ ಒಂದೆರಡು ಪರ್ಸೆಂಟ್ ಏರಿದ್ರೂ ಸಾಕು, ನೀರು ಬೇಕು ಅಂತ ಅನಿಸೋ ಹಾಗೆ ಮಾಡುತ್ತೆ, ಜೊತೆಗೆ ಕಿಡ್ನಿಗೆ ನೀರು ಉಳಿಸ್ಕೋ ಅಂತ ಸಂದೇಶ ಕಳಿಸುತ್ತೆ. ವಯಸ್ಸಾಗ್ತಾ ಈ ನೀರಡಿಕೆಯ ಸೂಚನೆ ಮಂದ ಆಗುತ್ತೆ, ಕಿಡ್ನಿ ನೀರು ಹಿಡಿದಿಟ್ಟುಕೊಳ್ಳೋ ಶಕ್ತಿನೂ ಕಮ್ಮಿ ಆಗುತ್ತೆ, ಅಂದ್ರೆ ಒಂದು ಕಡೆ ಒಳಗೆ ಹೋಗೋದು ಕಮ್ಮಿ, ಇನ್ನೊಂದು ಕಡೆ ಹೊರಗೆ ಹೋಗೋದು ಜಾಸ್ತಿ. ಅದರ ಮೇಲೆ ಬಿಪಿಗೆ ಅಂತ ಮೂತ್ರ ಜಾಸ್ತಿ ಮಾಡಿಸೋ ಮಾತ್ರೆ ಇದ್ರೆ ಕೇಳೋದೇ ಬೇಡ, ಅವ್ವಂಗೆ ಅದೂ ಇತ್ತು.

ವಯಸ್ಸಾದವರಿಗೆ ಮಾತ್ರ ಅಂತಲ್ಲ. ಕೆಲಸದ ಗಡಿಬಿಡಿಯಲ್ಲಿ ನೀರಡಿಕೆ ಆದ್ರೂ ಗಮನಕ್ಕೇ ಬರದೆ ಹೋಗುತ್ತೆ. ಇನ್ನೊಂದು ನಮ್ಮ ಊರಿನ ಹವಾ. ಮಂಗಳೂರಲ್ಲಿ ನಿಂತ್ರೆ ಬೆವರು ಕುತ್ತಿಗೆಯಿಂದ ಇಳಿಯುತ್ತೆ, ಅಂಗಿ ಒದ್ದೆ ಆಗುತ್ತೆ, ನೀರು ಹೋಯ್ತು ಅಂತ ಕಣ್ಣಿಗೆ ಕಾಣುತ್ತೆ. ದಾವಣಗೆರೆ ಚಿತ್ರದುರ್ಗದಲ್ಲಿ ಏಪ್ರಿಲ್ ಮೇನಲ್ಲಿ ಒಣ ಗಾಳಿ, ಬೆವರು ಬಂದಿದ್ದೇ ತಡ ಆರಿ ಹೋಗುತ್ತೆ, ಮೈ ಒಣಗೇ ಇದೆ ಅಂತ ಅನ್ಕೊಂಡಿರ್ತೀವಿ ಆದ್ರೆ ಒಳಗಿಂದ ನೀರು ಹೋಗ್ತಾನೇ ಇರುತ್ತೆ. ಕಪ್ಪು ಬಟ್ಟೆ ಹಾಕಿದ ದಿನ ಸಂಜೆ ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಕಾಣುತ್ತಲ್ಲ, ಅದೇ ಸಾಕ್ಷಿ.

ಶುರು ಮಾಡೋಕೆ ಮುಂಚೆ ಒಂದು ಮಾತು

ಹಾರ್ಟ್ ಫೇಲ್ಯೂರ್ ಇರೋರು, ಕಿಡ್ನಿ ತೊಂದರೆ ಇರೋರು, ಡಯಾಲಿಸಿಸ್ ಮಾಡಿಸ್ಕೊಳ್ಳೋರು, ಲಿವರ್ ತೊಂದರೆಯಿಂದ ಹೊಟ್ಟೆಯಲ್ಲಿ ಅಥವಾ ಕಾಲಲ್ಲಿ ನೀರು ತುಂಬ್ಕೊಳ್ಳೋರು, ಹಿಂದೆ ಯಾವಾಗಾದ್ರೂ ಸೋಡಿಯಂ ಕಮ್ಮಿ ಆಗಿ ಅಡ್ಮಿಟ್ ಆಗಿದ್ದೋರು, ಇವರಿಗೆ ಡಾಕ್ಟರ್ ದಿನಕ್ಕೆ ಇಷ್ಟೇ ನೀರು ಅಂತ ಅಳತೆ ಹೇಳಿರ್ತಾರೆ. ನೀವು ಆ ಪೈಕಿ ಆಗಿದ್ರೆ ಕೆಳಗಿನ ಲೆಕ್ಕ ಯಾವುದೂ ನಿಮಗಲ್ಲ, ನಿಮ್ಮ ಡಾಕ್ಟರ್ ಹೇಳಿದ್ದೇ ಅಳತೆ. ಬಿಪಿ ಮಾತ್ರೆ ತಗೊಳ್ಳೋರೂ ಒಂದ್ಸಲ ಕೇಳ್ಕೊಂಡೇ ಶುರು ಮಾಡ್ರಿ, ನಾವೂ ಕೇಳ್ಕೊಂಡೇ ಮಾಡಿದ್ದು.

ಮೊದಲನೇ ಹೆಜ್ಜೆ: ಮನೆಯ ಪಾತ್ರೆ ಅಳೀರಿ, ಮೂರು ದಿನ ಬರೀರಿ

"ನಾನು ಬೇಕಾದಷ್ಟು ಕುಡಿತೀನಿ" ಅಂತ ಎಲ್ರೂ ಹೇಳ್ತಾರೆ. ಅಂದಾಜು ಯಾವತ್ತೂ ಸರಿ ಇರಲ್ಲ. ಅರ್ಧ ಲೀಟರ್ ನೀರಿನ ಬಾಟಲಿ ತಗೊಂಡು ಮನೇಲಿ ನೀವು ದಿನಾ ಬಳಸೋ ಲೋಟ, ತಂಬಿಗೆ, ಕಾಫಿ ಲೋಟ ಎಲ್ಲದಕ್ಕೂ ಸುರಿದು ನೋಡ್ರಿ. ನಮ್ಮ ಮನೆ ಸ್ಟೀಲ್ ಲೋಟ 200 ಎಂಎಲ್, ಕಾಫಿ ಲೋಟ 120, ಅವ್ವನ ತಂಬಿಗೆ ಅಂಚಿನವರೆಗೆ ತುಂಬಿದ್ರೆ 750. ನಾನು ಆ ತಂಬಿಗೆ ಒಂದು ಲೀಟರ್ ಹಿಡಿಯುತ್ತೆ ಅಂತಲೇ ಇಷ್ಟು ವರ್ಷ ಅನ್ಕೊಂಡಿದ್ದೆ.

ಆಮೇಲೆ ಕ್ಯಾಲೆಂಡರ್ ಪಕ್ಕ ಒಂದು ಹಾಳೆ ಅಂಟಿಸಿ ಮೂರು ದಿನ ಏನನ್ನೂ ಬದಲಾಯಿಸದೆ ಬರೀ ಬರೀತಾ ಹೋಗ್ರಿ. ಅವ್ವನ ಮೊದಲನೇ ದಿನದ ಲೆಕ್ಕ ಹಿಂಗಿತ್ತು: ಕಾಫಿ ಎರಡು ಸಲ 240, ಬೆಳಿಗ್ಗೆ ರಾತ್ರಿ ಮಾತ್ರೆ ಜೊತೆ ಅರ್ಧರ್ಧ ಲೋಟ ಸೇರಿ 200, ಮಧ್ಯಾಹ್ನ ಊಟಕ್ಕೆ ಒಂದು ಲೋಟ. ಒಟ್ಟು 640 ಎಂಎಲ್. ಹೊರಗೆ ಮೂವತ್ತೆಂಟು ಡಿಗ್ರಿ ಬಿಸಿಲು! ಆ ಹಾಳೆ ನೋಡಿ ಅವ್ವಂಗೇ ಗಾಬರಿ ಆಯ್ತು, ನಾನು ಹತ್ತು ಸಲ ಹೇಳಿದ್ದಕ್ಕಿಂತ ಆ ಅಂಕಿ ಜಾಸ್ತಿ ಕೆಲಸ ಮಾಡ್ತು.

ಎರಡನೇದು: ಎಷ್ಟು ಬೇಕು

ದಿನಕ್ಕೆ ಎಂಟು ಲೋಟ, ನಾಕು ಲೀಟರ್, ತೂಕಕ್ಕೆ ತಕ್ಕಂತೆ ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಹೇಳಿದ ಅಂಕಿ ಹೆಂಗಸರಿಗೆ ದಿನಕ್ಕೆ 2 ಲೀಟರ್, ಗಂಡಸರಿಗೆ 2.5 ಲೀಟರ್. ಅಮೆರಿಕದವರು 2004ರಲ್ಲಿ ಹೇಳಿದ್ದು 2.7 ಮತ್ತು 3.7. ಎರಡರಲ್ಲೂ ಗಮನಿಸ್ಬೇಕಾದ ವಿಷಯ ಏನಂದ್ರೆ ಇದು ಬರೀ ಕುಡಿಯೋ ನೀರಲ್ಲ, ಊಟದಲ್ಲಿ ಬರೋ ನೀರೂ ಸೇರಿ, ಅದು ಸುಮಾರು ಐದನೇ ಒಂದು ಭಾಗ. ಹಂಗಾಗಿ ಮನೇಲೇ ಇರೋ ಒಬ್ಬ ಹೆಂಗಸು ಕಾಫಿ ಟೀ ಮಜ್ಜಿಗೆ ಎಲ್ಲಾ ಸೇರಿ 1.6 ಲೀಟರ್ ಆಸುಪಾಸು ಕುಡಿದ್ರೆ ತಂಪು ದಿನಗಳಲ್ಲಿ ಸಾಕಾಗುತ್ತೆ. ಬೇಸಿಗೆಗೆ ಇದರ ಮೇಲೆ ಅರ್ಧ ಲೀಟರ್ ಸೇರಿಸ್ರಿ. ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಬಿಸಿಲಿಗೆ ದುಡಿಯೋರಿಗೆ ಈ ಅಳತೆ ಏನೇನೂ ಸಾಲಲ್ಲ, ಅವರಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರಲ್ಲೇ ಹೋಗಬಹುದು. ಕಿಡ್ನಿ ಸ್ಟೋನ್ ಆಗಿದ್ದೋರಿಗೆ ದಿನಕ್ಕೆ ಕನಿಷ್ಠ 2.5 ಲೀಟರ್ ಮೂತ್ರ ಹೋಗೋ ಅಷ್ಟು ಕುಡೀರಿ ಅಂತಾರೆ, ಅಂದ್ರೆ ಕುಡಿಯೋದು ಅದಕ್ಕಿಂತ ಜಾಸ್ತಿ ಇರ್ಬೇಕು.

640ರಲ್ಲಿ ಇರೋರು ನಾಳೆನೇ 2,000ಕ್ಕೆ ಹಾರೋದು ಬೇಡ. ವಾರಕ್ಕೆ ಒಂದೆರಡು ಲೋಟ ಏರಿಸ್ತಾ ಹೋಗ್ರಿ, ಹೊಟ್ಟೆ ಉಬ್ಬರ ಆಗಲ್ಲ, ಮೂತ್ರಕ್ಕೆ ಓಡಾಡೋದಕ್ಕೂ ಮೈ ಒಗ್ಗಿಕೊಳ್ಳುತ್ತೆ.

ಮೂರನೇದು: ನೀರನ್ನ ಯಾವುದಾದ್ರೂ ಕೆಲಸಕ್ಕೆ ಗಂಟು ಹಾಕ್ರಿ

ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದೊಂದೇ. ನಾವು ಮೊದಲು ಮಾಡಿದ್ದು ಮೊಬೈಲ್ ಅಲಾರಂ. ನಾಲ್ಕನೇ ದಿನಕ್ಕೆ ಅವ್ವ ಅಲಾರಂ ಬಡ್ಕೊಂಡ್ರೆ ಆಫ್ ಮಾಡಿ ಅನ್ನ ಬಸಿಯೋಕೆ ಹೋಗ್ತಿದ್ಲು. ಯಾಕಂದ್ರೆ ಅಲಾರಂಗೂ ಅವಳ ದಿನಕ್ಕೂ ಸಂಬಂಧ ಇಲ್ಲ. ಆದ್ರೆ ಮಾತ್ರೆ ತಗೊಳ್ಳೋದು, ತುಳಸಿಗೆ ನೀರು ಹಾಕೋದು, ದೀಪ ಹಚ್ಚೋದು ಇವನ್ನ ಅವ್ವ ಮೂವತ್ತು ವರ್ಷದಿಂದ ಒಂದಿನ ತಪ್ಪಿಸಿಲ್ಲ. ನೀರಡಿಕೆ ನೆನಪಿಸಲ್ಲ ಅಂದ್ಮೇಲೆ ನೆನಪಿಸೋ ಕೆಲಸ ಇವಕ್ಕೇ ವಹಿಸಿದ್ವಿ.

ಈಗ ಅವ್ವನ ದಿನ ಹೇಗಿದೆ ಅಂದ್ರೆ, ಎದ್ದು ಬಾಯಿ ಮುಕ್ಕಳಿಸಿದ ತಕ್ಷಣ ಒಂದು ಲೋಟ ಉಗುರುಬೆಚ್ಚಗಿನ ನೀರು. ತಿಂಡಿ ಮಾತ್ರೆ ಜೊತೆ ಅರ್ಧ ಲೋಟ ಅಲ್ಲ, ಪೂರ್ತಿ ಲೋಟ, ಇದು ಎಲ್ಲಕ್ಕಿಂತ ಸುಲಭವಾಗಿ ಆದ ಬದಲಾವಣೆ, ಹೆಂಗೂ ಲೋಟ ಕೈಯಲ್ಲೇ ಇರುತ್ತಲ್ಲ. ಹನ್ನೊಂದು ಗಂಟೆಗೆ ಕುಕ್ಕರ್ ಒಲೆ ಮೇಲಿಟ್ಟು ವಿಷಲ್ ಕಾಯೋವಾಗ ಒಂದು ಲೋಟ ನೀರು ಮಜ್ಜಿಗೆ, ಮೂರನೇ ವಿಷಲ್ ಹೊತ್ತಿಗೆ ಖಾಲಿ ಆಗಿರ್ಬೇಕು ಅಂತ ಲೆಕ್ಕ. ಊಟಕ್ಕೆ ಮುಂಚೆ ಅರ್ಧ, ಆದ್ಮೇಲೆ ಅರ್ಧ. ಮಧ್ಯಾಹ್ನ ಮಲಗಿ ಎದ್ದ ಮೇಲೆ ಒಂದು, ದೀಪ ಹಚ್ಚೋ ಹೊತ್ತಿಗೆ ಒಂದು, ರಾತ್ರಿ ಊಟದ ಜೊತೆ ಒಂದು. ಏಳು ಲೋಟ ಅಂದ್ರೆ 1,400, ಜೊತೆಗೆ ಎರಡು ಕಾಫಿ 240, ಒಟ್ಟು 1,640. ಬೇಸಿಗೆಯಲ್ಲಿ ನಡುವೆ ಪಾನಕನೋ ಎಳನೀರೋ ಸೇರುತ್ತೆ. ರಾತ್ರಿ ಎಂಟರ ಮೇಲೆ ಕುಡಿಯೋದು ಬೇಡ ಅಂತ ಮಾಡ್ಕೊಂಡ್ವಿ, ವಯಸ್ಸಾದವರು ರಾತ್ರಿ ಕತ್ತಲಲ್ಲಿ ಬಚ್ಚಲಿಗೆ ಎದ್ದು ಹೋಗಿ ಬೀಳೋ ಭಯ ನೀರು ಕಮ್ಮಿ ಕುಡಿಯೋದಕ್ಕೆ ದೊಡ್ಡ ಕಾರಣ. ಬಚ್ಚಲ ದಾರಿಗೆ ಒಂದು ಚಿಕ್ಕ ಎಲ್‌ಇಡಿ ಬಲ್ಬ್ ಹಾಕಿದ ಮೇಲೆ ಅವ್ವ ರಾತ್ರಿ ಊಟದ ಲೋಟಕ್ಕೂ ಒಪ್ಪಿದ್ಲು, ಅದಕ್ಕೆ ಮುಂಚೆ ಅದು ಬೇಡವೇ ಬೇಡ ಅಂತಿದ್ಲು. ನಿಮ್ಮ ಮನೇಲೂ ಅವರು ಯಾಕೆ ಕುಡೀತಿಲ್ಲ ಅಂತ ಕೂತು ಕೇಳ್ರಿ, ಹಠ ಅಂತ ಬೈಬೇಡ್ರಿ.

ನಾನು ಜಗಳೂರು ಕಡೆ ಒಂದು ಹಳ್ಳಿ ಶಾಲೆಗೆ ದಿನಾ ಬಸ್ಸಲ್ಲಿ ಓಡಾಡೋ ಟೀಚರು. ನನ್ನದು ಬೆಲ್ಲು. 2019ರಲ್ಲಿ ಕೇರಳದ ಶಾಲೆಗಳಿಂದ ಸುದ್ದಿಯಾದ ವಾಟರ್ ಬೆಲ್ ಗೊತ್ತಲ್ಲ, ಮಕ್ಕಳೆಲ್ಲಾ ಒಟ್ಟಿಗೆ ನೀರು ಕುಡಿಯೋದು, ಅದೇ ಉಪಾಯ. ಪ್ರತಿ ಪೀರಿಯಡ್ ಬೆಲ್ಲಿಗೆ ನಾಲ್ಕು ಗುಟುಕು. ಒಂದು ಲೀಟರಿನ ಪಾರದರ್ಶಕ ಬಾಟಲಿ ಮೇಲೆ ಮಾರ್ಕರ್‌ನಲ್ಲಿ 100 ಎಂಎಲ್‌ಗೆ ಒಂದೊಂದು ಗೆರೆ ಎಳೆದಿದೀನಿ, ನನ್ನ ನಾಲ್ಕು ಗುಟುಕು ಹೆಚ್ಚುಕಮ್ಮಿ ಒಂದು ಗೆರೆ. ನನ್ನ ಕ್ಲಾಸಿನ ಮಕ್ಕಳೂ ಈಗ ನನ್ನ ಜೊತೆನೇ ಬಾಟಲಿ ಎತ್ತುತ್ತಾರೆ. ಅಂಗಡಿಯವರಾದ್ರೆ ಪ್ರತಿ ಸಲ ಗಿರಾಕಿ ಹೋಗಿ ಖಾಲಿ ಆದಾಗ, ಡ್ರೈವರ್ ಆದ್ರೆ ಪ್ರತಿ ಟ್ರಿಪ್ ಮುಗಿದಾಗ, ನಿಮ್ಮ ದಿನದಲ್ಲಿ ತಪ್ಪದೆ ಬರೋದು ಯಾವುದೋ ಅದಕ್ಕೆ ಕಟ್ರಿ.

ಇನ್ನೊಂದು, ನೀರು ಕಣ್ಣೆದುರು ಇರ್ಬೇಕು. ಅಡುಗೆಮನೆ ಮೂಲೇಲಿರೋ ಫಿಲ್ಟರ್ ಕೂತಲ್ಲಿಂದ ಕಾಣಲ್ಲ. ಅವ್ವ ಕೂರೋ ಕಿಟಕಿ ಹತ್ರ ತಂಬಿಗೆ ತುಂಬಿ ಮೇಲೆ ಲೋಟ ಮುಚ್ಚಿ ಇಡ್ತೀವಿ. ಫ್ರಿಜ್ಜಿನ ಕೊರೆಯೋ ನೀರು ಎರಡು ಗುಟುಕಿಗೆ ಹಲ್ಲು ಜುಮ್ ಅನ್ಸುತ್ತೆ, ಮಣ್ಣಿನ ಗಡಿಗೆ ನೀರು ಒಂದು ಲೋಟ ಸಲೀಸಾಗಿ ಇಳಿಯುತ್ತೆ. ಲಾವಂಚದ ಬೇರು ಒಂದು ಹಿಡಿ ತೊಳೆದು ಗಡಿಗೆಗೆ ಹಾಕಿದ್ರೆ ಪರಿಮಳಕ್ಕೇ ಇನ್ನೊಂದು ಲೋಟ ಕುಡಿಬೇಕು ಅನ್ಸುತ್ತೆ, ಬೇರು ಆಗಾಗ ಬದಲಾಯಿಸ್ರಿ, ಗಡಿಗೆ ಒಳಗೆ ಲೋಳೆ ಕಟ್ಟದ ಹಾಗೆ ಉಜ್ಜಿ ಬಿಸಿಲಿಗೆ ಒಣಗಿಸ್ರಿ.

ನಾಲ್ಕನೇದು: ತಿನ್ನೋದರಲ್ಲಿ ನೀರು

ನೀರು ಗಂಟಲಲ್ಲಿ ಇಳಿಯಲ್ಲ ಅನ್ನೋರಿಗೆ ಇದು ದೊಡ್ಡ ಸಹಾಯ. ಸೌತೆಕಾಯಿ ನೂರಕ್ಕೆ ತೊಂಬತ್ತೈದು ಭಾಗ ನೀರು, ಕಲ್ಲಂಗಡಿ ತೊಂಬತ್ತೆರಡರಷ್ಟು. ಬೆಳಿಗ್ಗೆ ರಾಗಿ ಅಂಬಲಿಗೆ ಮಜ್ಜಿಗೆ, ಈರುಳ್ಳಿ ಹಾಕಿ ಕುಡಿದ್ರೆ ಹೊಟ್ಟೆನೂ ತುಂಬುತ್ತೆ ನೀರೂ ಹೋಗುತ್ತೆ, ನಮ್ಮ ಅಜ್ಜಿ ಕಾಲದೋರು ಹೊಲಕ್ಕೆ ಹೋಗೋಕೆ ಮುಂಚೆ ಇದನ್ನೇ ಕುಡೀತಿದ್ರು. ಮುದ್ದೆ ಊಟ ಮಾಡೋರಿಗೆ ಸಾರು ಜೊತೆ ತಾನಾಗೇ ಹೋಗುತ್ತೆ. ತೊಂದರೆ ಬರೋದು ಕಟಕ್ ರೊಟ್ಟಿ, ಚಟ್ನಿಪುಡಿ, ಒಣ ಪಲ್ಯ ಅಂತ ಊಟ ಆದಾಗ, ಅವತ್ತು ಕುಡಿಯೋದು ಒಂದು ಲೋಟ ಹೆಚ್ಚೇ ಇರ್ಬೇಕು.

ನಮ್ಮೂರ ಸಂಜೆ ಅಂದ್ರೆ ಮಂಡಕ್ಕಿ ಮಿರ್ಚಿ, ಅದನ್ನ ಬಿಡ್ರಿ ಅಂತ ನಾನು ಹೇಳಲ್ಲ, ನಾನೂ ಬಿಟ್ಟಿಲ್ಲ. ಆದ್ರೆ ಮಂಡಕ್ಕಿ ಅಂದ್ರೆ ನೀರಿನ ಪಸೆನೇ ಇಲ್ಲದ ತಿಂಡಿ, ಮೇಲೆ ಉಪ್ಪು ಖಾರ, ಅದನ್ನ ತಿಂದು ಒಂದು ಚಿಕ್ಕ ಟೀ ಕುಡಿದು ಎದ್ದು ಬರ್ತೀವಿ. ತಿಂಡಿ ಜೊತೆ ಒಂದು ಲೋಟ ನೀರು ಕೇಳಿ ಕುಡಿದೇ ಬರೋದು ಅಂತ ಮಾಡ್ಕೊಳ್ರಿ, ಸಾಕು.

ಕಾಫಿ ಟೀ ನೀರನ್ನ ಹೊರಗೆ ಹಾಕುತ್ತೆ, ಲೆಕ್ಕಕ್ಕೆ ಬರಲ್ಲ ಅಂತ ಹೇಳ್ತಾರಲ್ಲ, ದಿನಕ್ಕೆ ಎರಡು ಮೂರು ಲೋಟ ಕುಡಿದು ಅಭ್ಯಾಸ ಇರೋರಿಗೆ ಅದು ಲೆಕ್ಕಕ್ಕೆ ಬರುತ್ತೆ. ಬಣ್ಣದ ಸಿಹಿ ಜ್ಯೂಸು, ಸಾಫ್ಟ್ ಡ್ರಿಂಕ್ ಬೇಡ, ಶುಗರ್ ಇರೋರಿಗಂತೂ ಬೇಡವೇ ಬೇಡ. ಮಜ್ಜಿಗೆಗೆ ಉಪ್ಪು ಹಾಕೋವಾಗ ಬಿಪಿ ಇರೋರು ಕೈ ಬಿಗಿ ಹಿಡೀರಿ, ಶುಂಠಿ ಕರಿಬೇವು ಕೊತ್ತಂಬರಿ ಜಜ್ಜಿ ಹಾಕಿದ್ರೆ ಉಪ್ಪಿಲ್ಲದೇನೂ ರುಚಿ ಇರುತ್ತೆ.

ಐದನೇದು: ಹೆಣ್ಣುಮಕ್ಕಳ ನಿಜವಾದ ಕಾರಣ

ಇದನ್ನ ಯಾರೂ ಬರೆಯಲ್ಲ, ಆದ್ರೆ ನನ್ನ ಜೊತೆ ಬಸ್ಸಲ್ಲಿ ಬರೋ ಎಷ್ಟೋ ಜನ ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಮುಟ್ಟಲ್ಲ, ಯಾಕಂದ್ರೆ ಹೋದ ಕಡೆ ಬಾತ್‌ರೂಮ್ ಸರಿ ಇಲ್ಲ. ನಾನೂ ಆರು ವರ್ಷ ಹಂಗೇ ಮಾಡಿದೆ. ಮೊದಲು ಕೆಲಸ ಮಾಡ್ತಿದ್ದ ಶಾಲೇಲಿ ಬಾಗಿಲಿಗೆ ಚಿಲಕ ಇರ್ಲಿಲ್ಲ, ನಲ್ಲೀಲಿ ನೀರು ಬರ್ತಿರ್ಲಿಲ್ಲ, ಕೊನೆಗೆ ಉರಿಮೂತ್ರ ಆಗಿ ಜ್ವರ ಬಂದು ವಾರ ಮಲಗಿದೆ. ವರ್ಷಗಟ್ಟಲೆ ನೀರಡಿಕೆನ ಅದುಮಿ ಅದುಮಿ ನನಗೆ ಅದು ಆಗೋದೇ ನಿಂತ ಹಾಗೆ ಅನಿಸ್ತಿತ್ತು.

ನಾನು ಮಾಡ್ಕೊಂಡ ದಾರಿ ಇದು. ಎದ್ದ ತಕ್ಷಣ, ಅಂದ್ರೆ ಬಸ್ಸಿಗೆ ಎರಡು ಗಂಟೆ ಮುಂಚೆ, ಎರಡು ಲೋಟ ಕುಡಿದುಬಿಡ್ತೀನಿ, ಹೊರಡೋ ಹೊತ್ತಿಗೆ ಒಂದ್ಸಲ ಹೋಗಿ ಬಂದಿರುತ್ತೆ. ಬಸ್ಸಲ್ಲಿ ಬರೀ ಬಾಯಿ ಒದ್ದೆ ಮಾಡ್ಕೊಳ್ಳೋ ಅಷ್ಟು. ಶಾಲೆ ತಲುಪಿದ ಮೇಲೆ ಬೆಲ್ಲಿನ ಲೆಕ್ಕ. ಸಂಜೆ ಹೊರಡೋಕೆ ಒಂದು ಗಂಟೆ ಮುಂಚೆ ನಿಲ್ಲಿಸ್ತೀನಿ, ಮನೆಗೆ ಬಂದು ಎರಡು ಲೋಟ. ಚಿಲಕದ ವಿಷಯಕ್ಕೆ ಟೀಚರುಗಳೆಲ್ಲಾ ಸೇರಿ ಬರೆದು ಕೊಟ್ವಿ, ಅಲ್ಲಿವರೆಗೂ ಒಬ್ರು ಹೊರಗೆ ನಿಂತು ಕಾಯೋದು ಅಂತ ಮಾಡ್ಕೊಂಡ್ವಿ. ದೊಡ್ಡ ಹುಡುಗೀರಿಗೂ ಇದೇ ತೊಂದರೆ ಇರುತ್ತೆ, ಅವರು ಬಾಯಿಬಿಟ್ಟು ಹೇಳಲ್ಲ, ನಾವೇ ಕೇಳ್ಬೇಕು.

ಆರನೇದು: ಸಾಕಾಗ್ತಿದೆಯಾ ಅಂತ ನೋಡೋದು

ಮೂತ್ರದ ಬಣ್ಣ ನೋಡ್ರಿ. ಒಣ ಹುಲ್ಲಿನ ಹಾಗೆ ತಿಳಿ ಹಳದಿ ಇದ್ರೆ ಚೆನ್ನಾಗಿದೆ, ಕಡುಹಳದಿ ಅಥವಾ ಟೀ ಬಣ್ಣ ಬಂದ್ರೆ ಕಮ್ಮಿ ಆಗಿದೆ, ಪೂರ್ತಿ ನೀರಿನ ಹಾಗೆ ಇಡೀ ದಿನ ಇದ್ರೆ ಜಾಸ್ತಿ ಕುಡೀತಿದೀರಿ. ಬೆಳಿಗ್ಗೆ ಮೊದಲನೇದು ಎಲ್ರಿಗೂ ಗಾಢ ಇರುತ್ತೆ, ಅದನ್ನ ಬಿಟ್ಟು ಹನ್ನೊಂದು ಗಂಟೆದು ನೋಡ್ರಿ. ಬಿ ಕಾಂಪ್ಲೆಕ್ಸ್ ಮಾತ್ರೆ ತಗೊಂಡ್ರೆ ಅರಿಶಿನದ ಹಾಗೆ ಹೊಳೆಯುತ್ತೆ, ಬೀಟ್‌ರೂಟ್ ತಿಂದ್ರೆ ಕೆಲವರಿಗೆ ಕೆಂಪಾಗುತ್ತೆ, ಹೆದರ್ಬೇಡ್ರಿ. ಕೈ ಚರ್ಮ ಚಿವುಟಿ ನೋಡೋದು ಅಂತ ಹೇಳ್ತಾರೆ, ವಯಸ್ಸಾದವರಲ್ಲಿ ಚರ್ಮ ಮೊದಲೇ ಸಡಿಲ ಇರೋದ್ರಿಂದ ಅದು ನಂಬೋ ಹಾಗಿಲ್ಲ. ನಾನು ಅವ್ವನ ನಾಲಿಗೆ ನೋಡ್ತೀನಿ.

ಬಿಸಿಲಲ್ಲಿ ದುಡಿಯೋರಿಗೆ, ವ್ಯಾಯಾಮ ಮಾಡೋರಿಗೆ ತೂಕದ ಲೆಕ್ಕ ಚೆನ್ನಾಗಿ ಹೇಳುತ್ತೆ. ನನ್ನ ತಮ್ಮ ಚಿತ್ರದುರ್ಗದಲ್ಲಿರೋದು, ಅವನಿಗೂ ನೀರಡಿಕೆ ಕಮ್ಮಿನೇ. ಒಂದು ಭಾನುವಾರ ನೆಂಟರನ್ನ ಕರ್ಕೊಂಡು ಕೋಟೆ ಹತ್ತಿದ, ಓಬವ್ವನ ಕಿಂಡಿ, ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ ಅಂತ ಮೂರು ಗಂಟೆ ಬಂಡೆ ಮೇಲೆ ಓಡಾಟ. ಹೋಗೋವಾಗ 71.4 ಕೆಜಿ, ಬಂದಾಗ 70.2, ನಡುವೆ ಕುಡಿದಿದ್ದು ಅರ್ಧ ಲೀಟರ್ ಮಾತ್ರ. ಒಂದು ಕೆಜಿ ಇಳಿದ್ರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹೋಯ್ತು ಅಂತ, ಅಂದ್ರೆ ಮೂರು ಗಂಟೇಲಿ ಸುಮಾರು 1.7 ಲೀಟರ್ ಕಳ್ಕೊಂಡಿದ್ದ, ಒಂದ್ಸಲಾನೂ ನೀರಡಿಕೆ ಆಯ್ತು ಅಂತ ಅನ್ಲಿಲ್ಲ. ಮಳೆ ಕಮ್ಮಿ ಇರೋ ಆ ಬಂಡೆಗಳ ನಡುವೆ ಪಾಳೇಗಾರರ ಕಾಲದಲ್ಲೇ ಒಂದೊಂದು ಹನಿಗೂ ಹೊಂಡ ಕಟ್ಟಿ ಲೆಕ್ಕ ಇಟ್ಟಿದ್ರು, ನಾವು ಹತ್ತೋವಾಗ ಎರಡು ಬಾಟಲಿ ಹಿಡ್ಕೊಂಡು ಹೋಗೋದು ಏನು ಕಷ್ಟ.

ಕುಡಿಯೋ ನೀರೂ ನೋಡ್ರಿ

ಸವಳು ನೀರಾದ್ರೆ ಯಾರಿಗೂ ಕುಡಿಯೋಕೆ ಮನಸ್ಸು ಬರಲ್ಲ. ಅದಕ್ಕಿಂತ ಮುಖ್ಯ, ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ, ನಮ್ಮ ಜಗಳೂರು ಕಡೆಯಲ್ಲೂ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ಗತಿನೇ ಇಲ್ಲ ಅಂದ್ರೆ 1.5ರವರೆಗೆ ಅಂತ ನಿಯಮ. ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿ ಆಗುತ್ತೆ. ನೀರು ಜಾಸ್ತಿ ಕುಡಿಯೋಕೆ ಶುರು ಮಾಡೋರು ಆ ಬೋರ್ ನೀರನ್ನೇ ಜಾಸ್ತಿ ಕುಡಿಬೇಡ್ರಿ, ಊರಿನ ಶುದ್ಧ ನೀರಿನ ಘಟಕದ್ದು ಅಥವಾ ನದಿ ನೀರಿನ ನಲ್ಲಿ ಬಂದಿದ್ರೆ ಅದು ಕುಡೀರಿ.

ಜಾಸ್ತಿನೂ ಬೇಡ, ಅಪಾಯ ಕಂಡ್ರೆ ಏನು ಮಾಡೋದು

ಬೆಳಿಗ್ಗೆಯಿಂದ ಕುಡಿದಿಲ್ಲ ಅಂತ ಸಂಜೆ ಒಂದೇ ಸಲ ಎರಡು ಲೀಟರ್ ಸುರ್ಕೊಳ್ಳೋದು ತಪ್ಪು. ಕಿಡ್ನಿ ಗಂಟೆಗೆ ಹೊರಗೆ ಹಾಕೋದು ಹೆಚ್ಚಂದ್ರೆ ಒಂದು ಲೀಟರ್ ಒಳಗೇ, ಅದಕ್ಕಿಂತ ಜಾಸ್ತಿ ಆದ್ರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ, ಫಿಟ್ಸ್‌ವರೆಗೂ ಹೋಗಬಹುದು.

ಭೇದಿ, ವಾಂತಿ, ಬಿಸಿಲಿಗೆ ಬೆವರಿ ಸುಸ್ತು ಆದಾಗ ಬರೀ ನೀರು ಸಾಲಲ್ಲ, ಒಆರ್‌ಎಸ್ ಬೇಕು. ಒಂದು ಲೀಟರಿನ ಪುಡಿ ಪ್ಯಾಕೆಟ್ ತಂದ್ರೆ ಪೂರ್ತಿ ಪುಡಿ ಪೂರ್ತಿ ಒಂದು ಲೀಟರಿಗೆ, ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸ್ಕೊಂಡು ಕುಡಿಯೋದು ತಪ್ಪು, ಅಳತೆ ಕೆಡುತ್ತೆ. ಕಲಸಿದ್ದನ್ನ 24 ಗಂಟೆ ಆದ್ಮೇಲೆ ಚೆಲ್ಲಿ. ಪ್ಯಾಕೆಟ್ ಮೇಲೆ ಡಬ್ಲ್ಯುಎಚ್‌ಒ ಫಾರ್ಮುಲಾ ಅಂತ ಇರೋದು ನೋಡಿ ತಗೊಳ್ರಿ, ಹಣ್ಣಿನ ಚಿತ್ರ ಇರೋ ಸಿಹಿ ಟೆಟ್ರಾ ಪ್ಯಾಕ್ ಡ್ರಿಂಕ್ ಅದಲ್ಲ. ಪ್ಯಾಕೆಟ್ ಸಿಗದಿದ್ರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಮಾತ್ರ ಕಣ್ಣಂದಾಜಲ್ಲಿ ಹಾಕ್ಬೇಡ್ರಿ.

ಎದ್ದು ನಿಂತ್ರೆ ತಲೆ ಸುತ್ತುತ್ತೆ, ಎಂಟು ಗಂಟೆ ಆದ್ರೂ ಮೂತ್ರ ಇಲ್ಲ, ಕುಡಿದಿದ್ದೆಲ್ಲಾ ವಾಂತಿ ಆಗ್ತಿದೆ ಅಂದ್ರೆ ಮನೇಲಿ ಕಾಯ್ಬೇಡ್ರಿ, ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ. ಮೈ ಕೆಂಡದ ಹಾಗೆ ಸುಡ್ತಿದೆ, ಮಾತು ತಡವರಿಸ್ತಿದೆ, ಯಾರು ಏನು ಅಂತ ಗುರುತು ಹತ್ತುತ್ತಿಲ್ಲ ಅಂದ್ರೆ ಅದು ಬಿಸಿಲ ಹೊಡೆತ, ಆಗ ಬಾಯಿಗೆ ನೀರು ಹುಯ್ಯಬೇಡ್ರಿ, ಪ್ರಜ್ಞೆ ಸರಿ ಇಲ್ಲದವರಿಗೆ ನೀರು ಶ್ವಾಸಕೋಶಕ್ಕೆ ಹೋಗುತ್ತೆ. 108ಕ್ಕೆ ಫೋನ್ ಮಾಡಿ ನೆರಳಿಗೆ ಎತ್ಕೊಂಡು ಬಂದು ಬಟ್ಟೆ ಸಡಿಲ ಮಾಡಿ ಮೈಮೇಲೆಲ್ಲಾ ನೀರು ಸುರಿದು ಗಾಳಿ ಬೀಸ್ತಾ ಇರ್ರಿ, ಆಂಬುಲೆನ್ಸ್ ಬರೋವರೆಗೂ ನಿಲ್ಲಿಸ್ಬೇಡ್ರಿ.